ಯೆಜ್ಡಿಯ ಬ್ರೇಕು ಬಲಗಾಲಿಗೆ

ಪೆಟ್ರೋಲಿಗೆ ಎಣ್ಣೆ ಬೆರೆಸಿ ಉರಿಸಿದಾಗ ಏಳುವ ನೀಲಿ ಹೊಗೆಯ ವಾಸನೆ ಗೊತ್ತಲ್ಲ ನಿಮಗೆ? ನಮ್ಮ ಕಾಲದವರಾದರೆ ಗೊತ್ತಿರಲೇಬೇಕು. ಮೂಗಿಗೆ ಸ್ವಲ್ಪ ಸಿಹಿ, ಗಂಟಲಿಗೆ ಸ್ವಲ್ಪ ಕಹಿ. ಹೋದ ತಿಂಗಳು ಚಳ್ಳಕೆರೆಯಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದೆ. ಪಾವಗಡ ರಸ್ತೆಯ ಟೀ ಅಂಗಡಿಯ ಹತ್ತಿರ ಆ ವಾಸನೆ ಮೂಗಿಗೆ ಬಡಿದು ಸ್ಕೂಟಿ ನಿಲ್ಲಿಸಿ ಇಳಿದೆ. ಯಾರೋ ಹಳೆಯ ಯೆಜ್ಡಿಯೊಂದನ್ನು ತಿಕ್ಕಿ ಬೆಳಗಿ, ಮದುಮಗನ ಹಾಗೆ ಸಿಂಗರಿಸಿ ನಿಲ್ಲಿಸಿದ್ದರು. ಸುತ್ತ ನಾಲ್ಕು ಜನ ಹುಡುಗರು. "ಲೇ, ನಮ್ ಜನಕ್ಕೆ ಗಾಡಿ ಓಡ್ಸೋದು ಕಲಿಸಿದ್ದೇ ಬುಲೆಟ್ ಕಣಲೇ" ಅಂತ ಒಬ್ಬ. "ಸುಮ್ನಿರಲೇ, ಬುಲೆಟ್ಟು ಸಾಹುಕಾರ್ರ ಗಾಡಿ, ಬಡವರಿಗೆ ಕಲಿಸಿದ್ದು ಯೆಜ್ಡಿ" ಅಂತ ಇನ್ನೊಬ್ಬ. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡವನೇ ನಗುತ್ತ ಕೇಳಿದ, "ಮೇಡಂ, ನೀವೇ ಹೇಳ್ರಿ, ಯಾವ್ದು ದೊಡ್ಡದು?" ಒಂಬತ್ತನೆಯ ವಯಸ್ಸಿನಲ್ಲಿ ಇದೇ ಪ್ರಶ್ನೆಗೆ ನಾನೊಂದು ಮಾತು ಆಡಿದ್ದೆ. ಆ ಮಾತಿನ ಹೆದರಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ. "ಗೊತ್ತಿಲ್ಲಪ್ಪ" ಎಂದು ಹೇಳಿ ಸ್ಕೂಟಿ ಹತ್ತಿ ಬಂದುಬಿಟ್ಟೆ.

ನಮ್ಮ ಮನೆ ಮೊಳಕಾಲ್ಮುರಿನಲ್ಲಿತ್ತು. ಇತ್ತು ಎಂದೇ ಹೇಳಬೇಕು, ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ನಡುಮನೆಯಲ್ಲಿ ಎರಡು ಗುಂಡಿಮಗ್ಗ. ನೆಲದೊಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಅವರ ಕಾಲು ಹಲಗೆ ತುಳಿಯುವ ಸದ್ದಿನಲ್ಲೇ ನಾನು ಓದಿದ್ದು, ಉಂಡಿದ್ದು, ಮಲಗಿದ್ದು. ಅವ್ವ ಮೂಲೆಯಲ್ಲಿ ರಾಟೆಗೆ ನೂಲು ಸುತ್ತುತ್ತಿದ್ದಳು. ಚಿಕ್ಕಪ್ಪನಿಗೆ ಮಾತ್ರ ಮಗ್ಗ ಒಗ್ಗಲಿಲ್ಲ. ಕುಣಿಯೊಳಗೆ ಕೂರೋದು ಅಂದ್ರೆ ಜೀವಂತ ಹೂಳಿಸ್ಕಂಡಂಗೆ ಅನ್ನುತ್ತಿದ್ದ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಯೆಜ್ಡಿ ಏರಿ ಹೋದರೆ ಸಂಜೆ ಕಡಲೆಕಾಯಿ ಹಿಂಡಿಯ ವಾಸನೆ ಹೊತ್ತು ಬರುತ್ತಿದ್ದ. ಅಪ್ಪನದು ಬುಲೆಟ್. ವಾರಕ್ಕೊಮ್ಮೆ ನೇಯ್ದ ಸೀರೆಗಳನ್ನು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ಅದರ ಮೇಲಿಟ್ಟು ಚಳ್ಳಕೆರೆಗೆ ಒಯ್ಯುತ್ತಿದ್ದರು. ಆ ದಿನ ಸಂಜೆ ನಾನು ಬಾಗಿಲಲ್ಲಿ, ಅವ್ವ ರಾಟೆಯ ಮುಂದೆ ಕೂತು ಎರಡು ಸದ್ದಿಗೆ ಕಿವಿಗೊಡುತ್ತಿದ್ದೆವು, ಒಂದು ಗಂಭೀರ, ಒಂದು ಗಡಿಬಿಡಿ. ಒಂದು ಬಂದು ಇನ್ನೊಂದು ತಡವಾದರೆ ಅವ್ವನ ರಾಟೆಯ ಕೈ ನಿಂತುಬಿಡುತ್ತಿತ್ತು. ಹೆದರುವುದನ್ನು ನಾನು ಕಲಿತದ್ದು ಆ ನಿಂತ ರಾಟೆಯಿಂದ.

ಭಾನುವಾರ ಬೆಳಗ್ಗೆ ಎರಡೂ ಗಾಡಿ ಮನೆಮುಂದೆ ಸ್ನಾನಕ್ಕೆ ನಿಲ್ಲುತ್ತಿದ್ದವು. ಅಲ್ಲಿಂದ ಜಗಳ ಶುರು. ಜಗಳ ಅಂದರೆ ನಿಜವಾದ ಜಗಳವಲ್ಲ, ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುತ್ತಿದ್ದುದೇ ಆ ನೆಪದಲ್ಲಿ. ಅಪ್ಪ ಮಿತಭಾಷಿ, ವಾರವಿಡೀ ಆಡದ ಮಾತೆಲ್ಲ ಬುಲೆಟ್ಟಿನ ಪರವಾಗಿ ಆಗ ಹೊರಬರುತ್ತಿತ್ತು. "ಬುಲೆಟ್ಟು ಮನುಷ್ಯನಿಗೆ ತಾಳ್ಮೆ ಕಲಿಸ್ತತೆ ಕಣಲೇ. ಮೀಟ್ರಿನ ಮುಳ್ಳು ನಡುವಿಗೆ ಬರೋತಂಕ ಕಾಯ್ಬೇಕು, ಆಮೇಲೆ ಒಂದೇ ಒದೆ. ಅವಸರ ಮಾಡ್ದೋನ ಕಾಲು ಮುರೀತತೆ. ಬೆನ್ನು ನೆಟ್ಟಗೆ ಇಟ್ಕಂಡು ಕೂರೋದು ಈ ಸೀಮೆಗೆ ಕಲಿಸಿದ್ದು ಇದು." ಚಿಕ್ಕಪ್ಪ ಬಟ್ಟೆ ಹಿಂಡುತ್ತ ನಗುತ್ತಿದ್ದ. "ತಾಳ್ಮೆ ಬೇಕಂದ್ರೆ ಮಠಕ್ಕೆ ಹೋಗ್ತೀನಿ ಬಿಡಣ್ಣ. ಒದಿಯೋ ಕಡ್ಡಿನೇ ಮಡಚಿದ್ರೆ ಗೇರು, ಕ್ಲಚ್ಚು ಹಿಡೀದಿದ್ರೂ ಗೇರು ಬೀಳ್ತತೆ. ಸೈಕಲ್ ತುಳಿಯೋರ್ನೆಲ್ಲ ಮೋಟ್ರು ಹತ್ತಿಸಿದ್ದು ಯೆಜ್ಡಿ. ಇದಿಲ್ದಿದ್ರೆ ನಮ್ಮಂಥೋರು ಬಸ್ ಸ್ಟ್ಯಾಂಡ್ನಾಗೇ ಇರ್ತಿದ್ವಿ." ಅವ್ವ ಒಳಗಿಂದಲೇ ಕೂಗುತ್ತಿದ್ದಳು, "ಹೆತ್ತೋರಿಗೆ ಹೆಗ್ಗಣ ಮುದ್ದು! ರೊಟ್ಟಿ ಆರ್ತಾವೆ, ಬರ್ರಿ!" ರೊಟ್ಟಿ ಆರುತ್ತಿತ್ತು, ಮಾತು ಆರುತ್ತಿರಲಿಲ್ಲ.

ಒಂದು ಭಾನುವಾರ ಇಬ್ಬರೂ ನನ್ನನ್ನೇ ಪಂಚಾಯಿತಿಗೆ ಕೂರಿಸಿದರು. "ನೀನೇ ಹೇಳವ್ವಾ, ಯಾವ್ದು ದೊಡ್ಡದು?" ಅಪ್ಪನ ಪರ ಹೇಳಿದರೆ ಚಿಕ್ಕಪ್ಪನಿಗೆ ಬೇಜಾರು, ಚಿಕ್ಕಪ್ಪನ ಪರ ಹೇಳಿದರೆ ಅಪ್ಪನಿಗೆ. ಜಾಣತನ ತೋರಿಸಲು ಹೋದೆ. "ಅಪ್ಪ ಯೆಜ್ಡಿ ಓಡಿಸಿಲ್ಲ, ಚಿಕ್ಕಪ್ಪ ಬುಲೆಟ್ ಓಡಿಸಿಲ್ಲ. ಒಂದಿನ ಬದಲಾಯಿಸ್ಕಂಡು ಚಳ್ಳಕೆರೆಗೆ ಹೋಗ್ಬನ್ನಿ, ಆಮೇಲೆ ಹೇಳ್ತೀನಿ" ಎಂದೆ. ಇಬ್ಬರೂ ಗಹಗಹಿಸಿ ನಕ್ಕರು. ಭಲೇ ತೀರ್ಪು ಎಂದು ಚಿಕ್ಕಪ್ಪ ನನ್ನನ್ನು ಎತ್ತಿ ತಿರುಗಿಸಿದ. ಮುಂದಿನ ಸಲ ಸೀರೆ ಒಯ್ಯುವ ದಿನಕ್ಕೆ ನಿಗದಿಯಾಯಿತು. ಯೆಜ್ಡಿಯ ಟ್ಯಾಂಕಿನ ಮೇಲೆ ಅಪ್ಪನ ಮುಂದೆ ನಾನೂ ಕೂತು ಹೋಗುವುದೆಂದಾಯಿತು. ಅಷ್ಟು ದೂರ ಗಾಡಿಯ ಮೇಲೆ ನಾನು ಯಾವತ್ತೂ ಹೋಗಿರಲಿಲ್ಲ, ಕುಣಿದಾಡಿಬಿಟ್ಟೆ.

ಹೊರಡುವ ಹಿಂದಿನ ದಿನ ಕಟ್ಟೆಯ ಮೇಲೆ ಕೂತು ಎರಡೂ ಗಾಡಿ ನೋಡುತ್ತಿದ್ದೆ. ಆಗ ಕಣ್ಣಿಗೆ ಬಿತ್ತು. ಬುಲೆಟ್ಟಿನ ಬ್ರೇಕು ಎಡಗಾಲಿಗೆ, ಗೇರು ಬಲಗಾಲಿಗೆ. ಯೆಜ್ಡಿಯದು ತಿರುಗಮುರುಗ, ಬ್ರೇಕು ಬಲಗಾಲಿಗೆ, ಗೇರು ಎಡಗಾಲಿಗೆ. ಕೈಬ್ರೇಕನ್ನು ನಮ್ಮ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದು ಮುಗ್ಗರಿಸಿ ಬೀಳಿಸುತ್ತದೆಂದು ಇಬ್ಬರೂ ಹೇಳುತ್ತಿದ್ದರು, ಕಾಲೇ ಅವರಿಗೆ ದೇವರು.  ಓಡಿಹೋಗಿ ಅವ್ವನಿಗೆ ಹೇಳಿದೆ. ಅವ್ವ ಅಪ್ಪನನ್ನು ಕೇಳಿದಳು, "ತನ್ನೂರಲ್ಲಿ ರಂಗ, ಪರೂರಲ್ಲಿ ಮಂಗ ಅಂತಾರೆ. ಯಾಕ್ರಿ ಬೇಕು ಈ ಉಸಾಬರಿ?" ಅಪ್ಪ ನಕ್ಕು ಯೆಜ್ಡಿ ಹತ್ತಿ ಓಣಿಯಲ್ಲಿ ಎರಡು ಸುತ್ತು ಹಾಕಿ ತೋರಿಸಿದರು. ಎರಡು ಸಲವೂ ಸರಿಯಾಗಿ ಬಲಗಾಲಲ್ಲೇ ನಿಲ್ಲಿಸಿದರು. ಅವ್ವನಿಗೆ ಆದರೂ ಸಮಾಧಾನವಿಲ್ಲ. ನಮ್ಮ ಮನೆಯಲ್ಲಿ ಮಗ್ಗದ ಹಲಗೆ ತಪ್ಪಿ ತುಳಿಯುವ ಹೊಸಬರಿಗೆ ಒಂದು ಉಪಾಯವಿತ್ತು, ಮೊದಲು ತುಳಿಯಬೇಕಾದ ಕಾಲಿನ ಹೆಬ್ಬೆರಳಿಗೆ ಕೆಂಪು ನೂಲು ಕಟ್ಟುವುದು. ಬೆಳಗ್ಗೆ ಹೊರಡುವಾಗ ಅವ್ವ ರಾಟೆಯಿಂದ ಎಳೆ ಕಿತ್ತು ಅಪ್ಪನ ಬಲಗಾಲ ಹೆಬ್ಬೆರಳಿಗೆ ಬಿಗಿದಳು. "ಇದು ಬ್ರೇಕಿನ ಕಾಲು, ಮರೀಬ್ಯಾಡ್ರಿ." ಚಿಕ್ಕಪ್ಪ ಬುಲೆಟ್ಟಿನ ಮೇಲಿಂದ ರೇಗಿಸಿದ, "ಇಪ್ಪತ್ತು ವರ್ಸ ಮಗ್ಗ ತುಳಿದೋರಿಗೆ ಶಿಶುವಿಹಾರದ ಪಾಠ!" ಹೋಗುವುದು ಬೇಡ ಎಂದು ನಾನು ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಭಯವಿತ್ತು, ಆದರೆ ಟ್ಯಾಂಕಿನ ಮೇಲೆ ಕೂರುವ ಆಸೆ ಅದಕ್ಕಿಂತ ದೊಡ್ಡದಿತ್ತು.

ಹಾನಗಲ್ ದಾಟಿದೆವು, ಬಿ.ಜಿ. ಕೆರೆ ದಾಟಿದೆವು. ಎರಡೂ ಕಡೆ ಕಡಲೆಕಾಯಿ ಹೊಲ, ದೂರದಲ್ಲಿ ಬೋಳು ಗುಡ್ಡ, ಮುಖಕ್ಕೆ ಬೆಚ್ಚನೆಯ ಗಾಳಿ. ಬೇರೆ ಮಕ್ಕಳಾಗಿದ್ದರೆ ಗುಡ್ಡ ನೋಡುತ್ತಿದ್ದರು. ನಾನು ದಾರಿಯುದ್ದಕ್ಕೂ ತಲೆ ಬಗ್ಗಿಸಿ ಅಪ್ಪನ ಬಲಗಾಲ ಕೆಂಪು ದಾರವನ್ನೇ ನೋಡುತ್ತಿದ್ದೆ, ನಾನು ನೋಡುವುದು ಬಿಟ್ಟರೆ ಆ ಕಾಲು ಮರೆತುಬಿಡುತ್ತದೆ ಎನ್ನುವ ಹಾಗೆ. ತಳಕು ದಾಟಿದ ಮೇಲೆ ಅಪ್ಪನಿಗೂ ಹುರುಪು ಬಂತು. "ಗಾಡಿ ಹಗುರ ಐತೆ ಕಣವ್ವ, ನಿಮ್ಮ ಚಿಕ್ಕಪ್ಪ ಹೇಳೋದು ಪೂರ್ತಿ ಸುಳ್ಳಲ್ಲ" ಎಂದರು. ಆ ಮಾತನ್ನು ಚಿಕ್ಕಪ್ಪನಿಗೆ ಹೇಳಬೇಕು ಎಂದು ನಾನು ಖುಷಿಯಲ್ಲಿ ತಲೆ ಎತ್ತಿದೆ. ಮುಂದೆ ಇಳಿಜಾರಿನ ಕೊನೆಯಲ್ಲಿ ರಸ್ತೆ ತುಂಬ ಕುರಿ. ಚಿಕ್ಕಪ್ಪ ಆಗಲೇ ಬುಲೆಟ್ ನಿಲ್ಲಿಸಿ, ಎಡಗಾಲು ನೆಲಕ್ಕೂರಿ, ಮಂದೆ ದಾಟಲೆಂದು ಕಾಯುತ್ತಿದ್ದ. ಹಿಂದೆ ತಿರುಗಿ ನಮ್ಮ ಕಡೆ ಕೈ ಬೀಸಿದ. ಕುರಿಯವನು ಕೋಲೆತ್ತಿ ತೆಲುಗಿನಲ್ಲಿ "ಆಗು ಸಾಮೀ, ಆಗು!" ಎಂದು ಕೂಗಿಕೊಂಡ, ನಿಲ್ಲು ನಿಲ್ಲು ಎಂದು.

ಅಪ್ಪ ಎಡಗಾಲಲ್ಲಿ ತುಳಿದರು. ನಾನು ಕಣ್ಣಾರೆ ಕಂಡೆ. ಸರ್ವಶಕ್ತಿಯಿಂದ, ಹಲ್ಲು ಕಚ್ಚಿ, ಎಡಗಾಲಲ್ಲೇ ತುಳಿದರು, ತುಳಿದೇ ಹಿಡಿದರು. ಬುಲೆಟ್ಟಾಗಿದ್ದರೆ ನಾಲ್ಕು ಮಾರು ದೂರದಲ್ಲೇ ನಿಲ್ಲುತ್ತಿತ್ತು. ಯೆಜ್ಡಿಯಲ್ಲಿ ಅದು ಗೇರು, ತುಳಿದು ಹಿಡಿದರೆ ಕ್ಲಚ್ಚು ಹಿಡಿದಂತೆಯೇ. ಇಂಜಿನ್ನು ಕಿರುಚಿತು, ಗಾಡಿ ಹಿಡಿತ ಬಿಟ್ಟು ಹಗುರವಾಗಿ ಇಳಿಜಾರಿನಲ್ಲಿ ಜಾರಿತು. ಬಲಗಾಲು ದಾರ ಕಟ್ಟಿಸಿಕೊಂಡು ಸುಮ್ಮನೆ ಬ್ರೇಕಿನ ಮೇಲೆ ಕೂತಿತ್ತು. "ಅಪ್ಪಾ, ಕೆಂಪು ಕಾಲು!" ಎಂದು ಕೂಗಿದೆ. ಕೂಗಿದೆನೋ, ಕೂಗಬೇಕೆಂದುಕೊಂಡೆನೋ, ಇಂದಿಗೂ ನನಗೆ ಖಚಿತವಿಲ್ಲ. ಚಿಕ್ಕಪ್ಪನ ಮುಖದಲ್ಲಿದ್ದ ನಗು ಇನ್ನೂ ಪೂರ್ತಿ ಮಾಯವಾಗಿರಲಿಲ್ಲ, ಅಷ್ಟರಲ್ಲಿ ನಾವು ಬುಲೆಟ್ಟಿನ ಹಿಂಭಾಗಕ್ಕೆ ಹೋಗಿ ಬಡಿದೆವು. ನನ್ನ ಗಲ್ಲ ಒಡೆಯಿತು, ಅಪ್ಪನ ಮೊಣಕೈ ತರಚಿತು. ಬುಲೆಟ್ಟು ಅಷ್ಟೂ ಭಾರ ಹೊತ್ತುಕೊಂಡು ಚಿಕ್ಕಪ್ಪನ ಎಡಗಾಲ ಮೇಲೆ ಮಲಗಿತು. ಬುಲೆಟ್ಟಿನ ಹಿಂದೆ ಕಟ್ಟಿದ್ದ ಸೀರೆಯ ಗಂಟು ಬಿಚ್ಚಿ ರೇಷ್ಮೆಯೆಲ್ಲ ಕುರಿಗಳ ಕಾಲಡಿ ಹರಡಿತ್ತು. ಅಪ್ಪ ಅದನ್ನು ತುಳಿದುಕೊಂಡೇ ತಮ್ಮನ ಕಡೆ ಓಡಿದರು.

ಎರಡು ಗಾಡಿಯದೂ ತಪ್ಪಿರಲಿಲ್ಲ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಚಿಕ್ಕಪ್ಪ ಜೀವಸಹಿತ ಮನೆಗೆ ಬಂದ. ಆದರೆ ಎಡ ಮೊಣಕಾಲು ಮಡಚದಾಯಿತು. ಯೆಜ್ಡಿ ಒದೆಯುವ ಕಾಲು, ಅದರ ಗೇರು ಹಾಕುವ ಕಾಲು. ಮಿಲ್ಲಿನ ಕೆಲಸ ಹೋಯಿತು, ಮಗ್ಗದ ಕುಣಿಗೂ ಆ ಕಾಲು ಇಳಿಯುತ್ತಿರಲಿಲ್ಲ. ಎರಡೂ ಗಾಡಿಯನ್ನು ಅಪ್ಪ ಮಾರಿಬಿಟ್ಟರು. ಅವರು ಮತ್ತೆಂದೂ ಗಾಡಿ ಮುಟ್ಟಲಿಲ್ಲ, ಸೀರೆ ಬಸ್ಸಿನಲ್ಲಿ ಹೋಗತೊಡಗಿತು. ಭಾನುವಾರ ಬೆಳಗ್ಗೆ ಚಿಕ್ಕಪ್ಪ ಕೋಲೂರಿಕೊಂಡು ಕಟ್ಟೆಗೆ ಬಂದು ಕೂತು, ಬೇಕೆಂದೇ ಮಾತು ತೆಗೆಯುತ್ತಿದ್ದ. "ಅಣ್ಣಾ, ಬುಲೆಟ್ಟೇ ದೊಡ್ಡದು ಅಂತ ಒಪ್ಕಂಡೆ ಕಣಣ್ಣ. ನಿನ್ನ ಕಾಲಿಗೆ ಎಂಥಾ ಪಾಠ ಕಲಿಸೈತೆ ನೋಡು, ದಾರ ಕಟ್ಟಿದ್ರೂ ಮರೀಲಿಲ್ಲ. ಈಗಾದ್ರೂ ಗೆದ್ದೆ ಅನ್ನು." ಬೈಸಿಕೊಳ್ಳಲಾದರೂ ಸರಿ, ಅಣ್ಣನ ಬಾಯಲ್ಲಿ ಒಂದು ಮಾತು ಬರಲಿ ಎಂದು ಅವನ ಆಸೆ. ಅಪ್ಪ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಚಿಕ್ಕಪ್ಪನಿಗೆ ಉಣ್ಣಲಿಕ್ಕೆ ಮೊದಲು ಬಡಿಸುವುದು, ಅವನ ಚಪ್ಪಲಿ ಎದುರಿಗಿಡುವುದು, ಎಲ್ಲ ಮಾಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ನಾನು ಇಬ್ಬರ ನಡುವೆ ಓಡಾಡುತ್ತ, ಬದಲಾಯಿಸಿಕೊಳ್ಳಿ ಎಂದವಳು ಇವಳೇ ಎಂದು ಯಾರಾದರೂ ಹೇಳಿಬಿಟ್ಟರೆ ಎಂದು ವರ್ಷಾನುಗಟ್ಟಲೆ ನಡುಗಿದೆ. ಯಾರೂ ಹೇಳಲಿಲ್ಲ, ಅವ್ವ ಸಾಯುವವರೆಗೂ ಹೇಳಲಿಲ್ಲ. ಹೇಳಿದ್ದರೆ ಒಂದು ದಿನ ಅತ್ತು ಮುಗಿಸುತ್ತಿದ್ದೆನೇನೋ.

ಅಪ್ಪ ಹೋಗಿ ಎಂಟು ವರ್ಷವಾಯಿತು, ಅವರ ಹಿಂದೆಯೇ ಚಿಕ್ಕಪ್ಪನೂ ಹೋದ. ಅಪ್ಪನ ಕೊನೆಯ ದಿನಗಳಲ್ಲಿ ಅವರ ಮಂಚವನ್ನು ನಡುಮನೆಗೆ ಹಾಕಿದ್ದೆವು, ಮುಚ್ಚಿದ ಮಗ್ಗದ ಕುಣಿಯ ಪಕ್ಕ. ಮಾತು ನಿಂತಿತ್ತು, ಕಣ್ಣು ಮುಚ್ಚಿತ್ತು. ಬಲಗಾಲು ಮಾತ್ರ ಹಾಸಿಗೆಯ ಮೇಲೆ ಚಾಚಿಕೊಂಡು, ಪಾದ ಕೆಳಕ್ಕೆ ಒತ್ತುತ್ತಿತ್ತು. ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ನರದ ಸೆಳೆತ ಎಂದರು ಡಾಕ್ಟರು. ಮಗ್ಗ ತುಳಿಯೋ ಅಭ್ಯಾಸ ಎಂದರು ನೋಡಲು ಬಂದವರು. ಮಗ್ಗಕ್ಕೆ ಎರಡೂ ಕಾಲು ಬೇಕಲ್ಲ? ಎಡಗಾಲು ಅಲುಗುತ್ತಿರಲಿಲ್ಲ. ಅವ್ವ ದಾರ ಕಟ್ಟಿದ್ದ ಕಾಲು ಅದು. ಅದೇ ಇಳಿಜಾರಿನಲ್ಲಿ, ಅವೇ ಕುರಿಗಳ ಎದುರು, ಅಪ್ಪ ಆ ಬ್ರೇಕನ್ನು ಅದೆಷ್ಟು ವರ್ಷಗಳಿಂದ ತುಳಿಯುತ್ತಿದ್ದರೋ ಎಂದು ನನಗೆ ಆಗ ಹೊಳೆಯಿತು. ಚಿಕ್ಕಪ್ಪನಿಗೆ ಹೇಳಬಾರದು ಎಂದುಕೊಂಡೆ. ಆದರೆ ಅವನಿಗೆ ನನಗಿಂತ ಮೊದಲೇ ತಿಳಿದಿತ್ತು. ಅವತ್ತು ಮಧ್ಯಾಹ್ನ ಅವನು ಕೋಲು ಪಕ್ಕಕ್ಕಿಟ್ಟು, ಮಡಚದ ಕಾಲನ್ನು ನೀಡಿಕೊಂಡು ಕಷ್ಟಪಟ್ಟು ಮಂಚದ ತುದಿಯಲ್ಲಿ ಕೂತ. ತನ್ನ ಅಂಗೈಯನ್ನು ಅಣ್ಣನ ಬಲಪಾದಕ್ಕೆ ಒತ್ತಿ ಹಿಡಿದ. ಪಾದ ಅದನ್ನು ಬಲವಾಗಿ ತುಳಿಯಿತು. ಚಿಕ್ಕಪ್ಪ ಕೈ ತೆಗೆಯಲಿಲ್ಲ.

"ನಿಂತೈತೆ ಅಣ್ಣ" ಎಂದ. "ಗಾಡಿ ನಿಂತೈತೆ. ಕುರಿ ಎಲ್ಲಾ ದಾಟಿದ್ವು. ನಂಗೇನೂ ಆಗಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಪಾದ ಸಡಿಲವಾಯಿತು. ಚಿಕ್ಕಪ್ಪ ಸಂಜೆಯವರೆಗೂ ಹಾಗೆಯೇ ಹಿಡಿದುಕೊಂಡು ಕೂತಿದ್ದ.