ಚೆಂಡಿಗಿಂತ ಮೊದಲು ಎದ್ದ ಟೋಪಿ

ನನ್ನ ಗಂಡ ಮಿನೆಗಿಶಿ ವರ್ಷಗಟ್ಟಲೆ ಸಂಬಳಕ್ಕೆ ಚೆಂಡೆಸೆದವನು. ನಮ್ಮ ಉವಾಜಿಮಾದಲ್ಲಿ ಬೇಸ್‌ಬಾಲ್ ಪಿಚರ್ ಅಂದರೆ ಮೀನು ಮಾರುವವಳೂ ಎದ್ದು ನಿಲ್ಲುತ್ತಾಳೆ. ನಿಜ ಹೇಳಬೇಕೆಂದರೆ ಇವನೇನು ಮಹಾ ಪಿಚರ್ ಅಲ್ಲ. ನಾಲ್ಕು ದಿನ ಮುಖ್ಯ ತಂಡದಲ್ಲಿದ್ದರೆ ನಲವತ್ತು ದಿನ ಎರಡನೇ ತಂಡದಲ್ಲಿ. ಬಿಚ್ಚಿದ ಪೆಟ್ಟಿಗೆಯನ್ನು ಮತ್ತೆ ಕಟ್ಟುವುದೇ ನನ್ನ ಸಂಸಾರ. ಇವನಿಗೆ ಹೆಸರು ಬಂದದ್ದು ಎಸೆತದಿಂದಲ್ಲ, ಟೋಪಿಯಿಂದ.

ಎಸೆದ ಚೆಂಡು ಬ್ಯಾಟುಗಾರನ ಮೈಗೆ ತಗುಲಿದರೆ ತಪ್ಪಾಯಿತು ಅಂತ ಪಿಚರ್ ಟೋಪಿ ತೆಗೆಯಬೇಕು. ಉಳಿದವರು ಅಂಚು ಮುಟ್ಟಿ ಕೈತೊಳೆದುಕೊಳ್ಳುತ್ತಾರೆ. ಇವನು ಪೂರ್ತಿ ತೆಗೆದು ಸೊಂಟ ಮುರಿಯುವಷ್ಟು ಬಾಗುತ್ತಿದ್ದ. ಪತ್ರಿಕೆಯವರು 'ಸಜ್ಜನ' ಅಂತ ಬಿರುದು ಕೊಟ್ಟರು.

ಆ ಶರತ್ಕಾಲದಲ್ಲಿ ಎದುರು ತಂಡದ ಕುರೋಸೆ ಇವನ ಎಸೆತಗಳನ್ನೆಲ್ಲ ಚಚ್ಚುತ್ತಿದ್ದ. ತರಬೇತುದಾರ ಕರೆದು ಹೇಳಿದನಂತೆ, ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ: "ಅವನ ಮೈಗೆ ಒಂದು ಕೊಡು. ಆಗಲ್ಲ ಅಂದ್ರೆ ನಾಳೆ ಎರಡನೇ ತಂಡದ ಬಸ್ಸು ಹತ್ತು."

ಇವನು ಕೊಟ್ಟ. ಚೆಂಡು ಕುರೋಸೆಯ ಎಡ ಮಣಿಕಟ್ಟಿಗೆ ಬಡಿಯಿತು. ಬ್ಯಾಟಿಗೆ ಬಡಿದದ್ದೋ ಕೈಗೋ ಅಂತ ಅಂಪೈರ್ ಇನ್ನೂ ಯೋಚಿಸುತ್ತಿದ್ದಾಗಲೇ ಇವನು ಟೋಪಿ ತೆಗೆದು ಬಾಗಿ ನಿಂತಿದ್ದ. ಎಂಥ ಪ್ರಾಮಾಣಿಕ ಅಂತ ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತು ನಾನೂ ತಟ್ಟಿದೆ. ಕುರೋಸೆಯ ಮೂಳೆ ಸರಿಯಾಗಿ ಕೂಡಲೇ ಇಲ್ಲ. ಅವನು ಆಟ ಬಿಟ್ಟು ಯವತಹಾಮಾದಲ್ಲಿ ಮಾವನ ಕಿತ್ತಳೆ ತೋಟಕ್ಕೆ ಸೇರಿದ.

ಇವನೂ ನಿವೃತ್ತನಾದ ಮೇಲೆ ನಾವು ಜಾಕೋತೆನ್ ಅಂಗಡಿ ಹಾಕಿದೆವು. ಸಣ್ಣ ಮೀನು ಅರೆದು, ತಟ್ಟಿ, ಎಣ್ಣೆಯಲ್ಲಿ ಕರಿಯುವ ಕೆಲಸ. ಅಡುಗೆಯವರು ಟೋಪಿ ಹಾಕಲೇಬೇಕು ಅಂತ ಆರೋಗ್ಯ ಇಲಾಖೆಯವನು ಬೈದರೂ ಇವನು ಒಪ್ಪಲಿಲ್ಲ, ತಲೆಗೆ ಟವೆಲ್ ಸುತ್ತಿದ. ಒಂದು ದಿನ ಕೆಣಕಿದೆ: "ಟೋಪಿ ನಿಮಗೇನು ಅನ್ಯಾಯ ಮಾಡಿತ್ತು?"

"ಚೆಂಡು ಇನ್ನೂ ದಾರೀಲಿತ್ತು ಕಣೇ," ಅಂದ. "ನನ್ನ ಕೈ ಆಗಲೇ ಟೋಪಿ ಮೇಲಿತ್ತು."

ಊರಿಗೆಲ್ಲ ಟೋಪಿ ತೆಗೆದೇ ಟೋಪಿ ಹಾಕಿದ ಮಹಾನುಭಾವ! ನನಗೆ ಮೈಯೆಲ್ಲ ಉರಿಯಿತು. ತಟ್ಟಿದ ಚಪ್ಪಾಳೆ ನೆನೆದು ನಾಚಿಕೆಯೂ ಆಯಿತು. "ಹೋಗಿ ಕುರೋಸೆಗೆ ಹೇಳಿ," ಅಂದೆ. ಪ್ರತಿ ಚಳಿಗಾಲ ರೈಲು ಹತ್ತುತ್ತಿದ್ದ. ಪ್ರತಿ ಚಳಿಗಾಲವೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೆಣದ ಮುಖ ಹೊತ್ತು ವಾಪಸ್ಸು ಬರುತ್ತಿದ್ದ.

ಈ ಫೆಬ್ರವರಿಯಲ್ಲಿ ಕುರೋಸೆಯೇ ಅಂಗಡಿಗೆ ಬಂದ.

"ಏನ್ ಸಜ್ಜನರೇ, ನಾಲ್ಕು ಜಾಕೋತೆನ್ ಕೊಡಿ. ಬಿಸಿ ಇರ್ಲಿ."

ನನ್ನವನ ಕೈ ಟವೆಲ್ಲಿಗೆ ಹೋಯಿತು, ಸೊಂಟ ಬಾಗತೊಡಗಿತು.

"ಏ, ತಡಿ," ಅಂದ ಕುರೋಸೆ. "ಆವತ್ತೂ ಹೀಗೇ ಮೊದಲೇ ತೆಗೆದೆ. ಚೆಂಡಿನ ಹಿಂದೇನೇ ನಿನ್ನ ಕೈ ಟೋಪಿಗೆ ಹೋಗಿದ್ದು ನಾನು ನೋಡಿದೀನಿ."

ನನಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳ್ಬೇಕಾದೋನು ನಾನಲ್ಲ ಅಕ್ಕಾ." ಮತ್ತೆ ಇವನ ಕಡೆ ತಿರುಗಿದ. "ಇವತ್ತು ಮೊದಲು ಬಾಯಿ ಬಿಡು. ಟೋಪಿ ಆಮೇಲೆ."

ಸೀದ ವಾಸನೆ ಬರುತ್ತಿತ್ತು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಇನ್ನೇನು ಹಿಂದಿನ ಬಾಗಿಲಿಂದ ಓಡುತ್ತಾನೆ ಅಂದುಕೊಂಡೆ.

"ಬೇಕಂತಲೇ ಹೊಡೆದೆ," ಅಂದ ನನ್ನ ಗಂಡ. "ಆ ಬಸ್ಸಿಗೆ ಹೆದರಿ ಹೊಡೆದೆ." ಆಮೇಲೆ ಟವೆಲ್ ಕಿತ್ತು ಬಾಗಿದ.

ಪರವಾಗಿಲ್ಲ ಅಂತ ಕೈಯೆತ್ತುವುದು ಬ್ಯಾಟುಗಾರನ ಪದ್ಧತಿ. ಕುರೋಸೆ ಕೈಯೆತ್ತಲಿಲ್ಲ. ಬಾಣಲೆಯೊಳಗೆ ಇಣುಕಿದ.

"ಇವು ಸೀದು ಹೋದವು. ಬೇರೆ ಕರಿ, ಕಾಯ್ತೀನಿ," ಅಂದು ಸ್ಟೂಲ್ ಎಳೆದುಕೊಂಡು ಕೂತ.

ಇವನು ಬರಿ ತಲೆಯಲ್ಲೇ ಹೊಸದಾಗಿ ತಟ್ಟತೊಡಗಿದ. ಟವೆಲ್ ನೆಲದ ಮೇಲೆ ಬಿದ್ದಿತ್ತು, ನಾನು ಎತ್ತಿ ಕೊಡಲಿಲ್ಲ.