ಮಾತ್ರೆಗೆ ಅವ್ವ ಹಾಕಿದ ಪಥ್ಯ

"ಮೊದಲೇ ನಿಲ್ದೆ ಓಡೋ ಗಾಡಿ ಸಾ ಇದು. ಇದುಕ್ಕೆ ಇನ್ನೂ ಪೆಟ್ರೋಲ್ ಉಯ್ದೀರಾ? ಬ್ರೇಕ್ ಆಕಿ ಸಾ, ಬ್ರೇಕು!"

ಯಳಂದೂರಿನ ಆಸ್ಪತ್ರೆಯಲ್ಲಿ ಅವ್ವ ಮನೋವೈದ್ಯರಿಗೆ ಹಾಕಿದ ಮೊದಲ ಪ್ರಶ್ನೆ ಇದು. 'ಗಾಡಿ' ಎಂದರೆ ನಾನು. ನನಗಿರುವುದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಅದಕ್ಕೆ ಮೆದುಳನ್ನು ಉತ್ತೇಜಿಸುವ ಮಾತ್ರೆ ಕೊಡುತ್ತೇನೆ ಎಂದು ವೈದ್ಯರು ಆಗಷ್ಟೇ ಹೇಳಿದ್ದರು.

"ಬ್ರೇಕಿಗೇ ಶಕ್ತಿ ಕೊಡೋ ಮಾತ್ರೆ ಕಣಮ್ಮ ಇದು" ಎಂದರು ಅವರು. ಅವ್ವ ನನ್ನ ತಲೆಯನ್ನು ದಿಟ್ಟಿಸಿ ನೋಡಿದಳು, ಬ್ರೇಕು ಎಲ್ಲಿರಬಹುದೆಂದು.

ನಮ್ಮೂರು ಮಧುವನಹಳ್ಳಿ. ಹತ್ತಿರದ ಕೊಳ್ಳೇಗಾಲದಲ್ಲಿ ತೋರಿಸಿದರೆ ಗುರುತಿನವರು ಸಿಗುತ್ತಾರೆಂದು ಅವ್ವ ನನ್ನನ್ನು ಯಳಂದೂರಿಗೆ ಕರೆತಂದಿದ್ದಳು. ಅಲ್ಲಿನ ಬೆಂಚಿನ ಮೇಲೆ ನಮ್ಮ ಬೀದಿಯವರೇ ಇಬ್ಬರು ಕೂತಿದ್ದರು. ಅವರೂ ಗುರುತಿನವರಿಗೆ ಹೆದರಿ ಬಂದವರು. ನಾಲ್ವರೂ ಗೋಡೆ ನೋಡುತ್ತಾ ಕೂತೆವು.

ಕಾಲೇಜಿನಲ್ಲಿ ನನಗಿದ್ದ ಹೆಸರು ಮಿಮಿಕ್ರಿ ಎಂಬ ಒಂದೇ ವಿದ್ಯೆಯಿಂದ ಬಂದದ್ದು. ಪ್ರಾಂಶುಪಾಲರ ಕೆಮ್ಮು, ಹನೂರು ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಎಳೆಯುವ "ಅನೂರ್, ಅನೂರ್, ಅತ್ತಿ ಅತ್ತಿ", ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ಪ್ರಾಣಿಶಾಸ್ತ್ರದ ಮೇಷ್ಟ್ರಂತೂ ನನಗೆ ಅನ್ನ ಹಾಕಿದ ದೇವರು. ಅವರು ಪಾಠದ ನಡುವೆ ಗಾಳಿಯಲ್ಲಿ ಕೈ ಆಡಿಸುವುದನ್ನು ನಾನು ಕ್ಯಾಂಟೀನಿನಲ್ಲಿ ನೊಣ ಓಡಿಸುವಂತೆ ಮಾಡಿ ತೋರಿಸಿ ಟೀ ಗಿಟ್ಟಿಸುತ್ತಿದ್ದೆ. ಅವರದೇ ವಿಷಯದಲ್ಲಿ ಫೇಲಾಗಿದ್ದೆ ಎಂಬುದು ಬೇರೆ ಮಾತು. ಈ ಸಲವೂ ಹೋದರೆ ಡಿಗ್ರಿಯೇ ಇಲ್ಲ.

ಮಾತ್ರೆ ನುಂಗಿದ ಮೊದಲ ದಿನ ಅದೇ ಮೇಷ್ಟ್ರು ರೇಷ್ಮೆ ಹುಳುವಿನ ಪಾಠವನ್ನು ಮತ್ತೊಮ್ಮೆ ಮಾಡಿದರು. ಫ್ಯಾನಿನ ಸದ್ದು ಫ್ಯಾನಿನಲ್ಲೇ ಉಳಿಯಿತು. ಹೊರಗಿನ ಬೈಕು ಹೊರಗೇ ಹೋಯಿತು. ಒಂದು ವಾಕ್ಯ ಶುರುವಾಗಿ ಮುಗಿಯಿತು, ಅದರ ಹಿಂದೆ ಇನ್ನೊಂದು ಬಂತು. ಹುಳು ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತಾ ಗೂಡು ಕಟ್ಟುತ್ತದೆ, ಒಂದೇ ಎಳೆ, ಬಿಚ್ಚಿದರೆ ಹೆಚ್ಚೂಕಡಿಮೆ ಒಂದು ಕಿಲೋಮೀಟರ್ ಎನ್ನುತ್ತಾ ಮೇಷ್ಟ್ರು ಗಾಳಿಯಲ್ಲಿ ಕೈ ಆಡಿಸಿದರು. ಅದು ನೊಣವಲ್ಲ, ಹುಳುವಿನ ತಲೆ! ಕೊಳ್ಳೇಗಾಲದಂಥ ರೇಷ್ಮೆಯ ಊರಿನ ಪಕ್ಕದಲ್ಲೇ ಹುಟ್ಟಿ ಬೆಳೆದ ಘನಪಂಡಿತ, ನಾನು, ಇಷ್ಟು ದಿನ ನಕ್ಕದ್ದು ಇದಕ್ಕೆ. ಉಳಿದವರೆಲ್ಲ ಪ್ರತಿದಿನ ಹೀಗೆಯೇ ಕೇಳಿಸಿಕೊಳ್ಳುತ್ತಾರೆಯೇ? ಪಾಠ ಎಂದರೆ ಇದೇ?

ಆದರೆ ಪಥ್ಯವೊಂದಿತ್ತು. ನಮ್ಮ ಕಡೆ ಪಥ್ಯವಿಲ್ಲದ ಮಾತ್ರೆಯನ್ನು ಯಾರೂ ಮಾತ್ರೆಯೆಂದು ಒಪ್ಪುವುದಿಲ್ಲ. ಕಜ್ಜಿಗೆ ಬದನೆಕಾಯಿ, ಕೆಮ್ಮಿಗೆ ಮಜ್ಜಿಗೆ, ಏನಾದರೂ ಬಿಡಲೇಬೇಕು. "ಪಥ್ಯ ಏನೂ ಇಲ್ಲ, ಎಲ್ಲಾ ತಿನ್ನಲಿ" ಎಂದು ವೈದ್ಯರು ಹೇಳಿದ್ದನ್ನು ಅವ್ವ ನಂಬಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಪು ಕೊಟ್ಟಳು:

"ಪಾಪ, ಮರ್ತಿರ್ಬೇಕು ಅವ್ರು. ತಲೆ ಮಾತ್ರೆ ಇದು, ಪಥ್ಯಾನೂ ತಲೆದೇ ಆಗ್ಬೇಕು. ಇದ್ ತಿನ್ನೋಗಂಟ ಯಾರ್ನೂ ಅಣಕುಸ್ಬ್ಯಾಡ ಕಣ್ಲಾ. ಮಾತ್ರೆ ಕೆಟ್ಟೋಯ್ತದೆ."

ಪರೀಕ್ಷೆಯ ಭಯಕ್ಕೆ ಒಪ್ಪಿದೆ. ವಾರ ಮೂರಾಯಿತು. ಪುಟಗಳು ಓದಿಸಿಕೊಂಡವು. ಮಧ್ಯಾಹ್ನ ಹಸಿವಾಗುತ್ತಿರಲಿಲ್ಲ, ಎರಡು ಮುದ್ದೆಯವನು ಅರ್ಧಕ್ಕೆ ಏಳುತ್ತಿದ್ದೆ. ಅದೆಲ್ಲ ಇರಲಿ. ಒಂದು ದಿನ ಅವ್ವನಿಲ್ಲದಾಗ ಕಳ್ಳನಂತೆ ಕಂಡಕ್ಟರನ ದನಿ ತೆಗೆಯಲು ಹೋದೆ. ಬರಲಿಲ್ಲ. ಬಂದದ್ದು ನನ್ನದೇ ದನಿ, ಅದೂ ಸಪ್ಪೆ. ಮಾತ್ರೆ ದನಿಗಳನ್ನೆಲ್ಲ ನುಂಗಿಬಿಟ್ಟಿತೇ?

ಎರಡು ದಿನ ಮಾತ್ರೆ ಬಿಟ್ಟು ನೋಡಿದೆ. ಪಾಠ ಮತ್ತೆ ಕಿಟಕಿಯಿಂದ ಹಾರಿಹೋಯಿತು, ದನಿ ಮಾತ್ರ ವಾಪಸು ಬರಲಿಲ್ಲ. ಬಸ್ಸಿನಲ್ಲಿ ಗೆಳೆಯನೊಬ್ಬ, "ಲೇ, ಒಂದ್ಸಲ ಪ್ರಿನ್ಸಿಪಾಲ್ರುನ್ ಕೆಮ್ಸುಲಾ" ಎಂದ. ನಾನು ಕೆಮ್ಮಿದೆ. "ನೀರ್ ಕುಡೀಲಾ" ಎಂದ. ಅವನಿಗೆ ಅದು ನಿಜವಾದ ಕೆಮ್ಮಾಗಿ ಕೇಳಿಸಿತ್ತು.

ತಿಂಗಳು ತುಂಬಿದಾಗ ಅವ್ವನೊಂದಿಗೆ ಯಳಂದೂರಿಗೆ ಹೋಗಿ ವೈದ್ಯರಿಗೆ ಹೇಳಿದೆ: "ಮಾತ್ರೆ ಬ್ಯಾಡ ಸಾ. ಓದು ಬತ್ತದೆ, ನಾನೇ ಓಯ್ತಿವ್ನಿ."

ಅವರು ನಗಲಿಲ್ಲ. ಕೆಲವರಿಗೆ ಮಂಕು ಕವಿದಂತಾಗುವುದುಂಟು, ಹಾಗಿದ್ದರೆ ಪ್ರಮಾಣ ಇಳಿಸೋಣ, ಬೇಕಾದರೆ ನಿಲ್ಲಿಸೋಣ ಎಂದರು. ತೂಕ ನೋಡಿದರು, ಬಿ.ಪಿ. ನೋಡಿದರು. ಆಮೇಲೆ, "ಕೊನೆಯ ಸಲ ಜನರ ಮುಂದೆ ಮಿಮಿಕ್ರಿ ಮಾಡಿದ್ದು ಯಾವಾಗ?" ಎಂದು ಕೇಳಿದರು.

"ಸರ್ಯಾಗ್ ಮಾಡಿದ್ದು ಮಾತ್ರೆಗೆ ಮುಂಚೆ ಸಾ. ಪಥ್ಯ ಅಲ್ವಾ."

"ಯಾರು ಹೇಳಿದ್ದು ಪಥ್ಯ?"

ಅವ್ವ ಸೆರಗು ಸರಿಮಾಡಿಕೊಂಡಳು. ದನಿ ಕಟ್ಟಿದ್ದು ಮಾತ್ರೆಯಲ್ಲ, ಪಥ್ಯ ಎಂದು ವೈದ್ಯರಿಗೆ ಅರ್ಥವಾಯಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಇವತ್ತು ಮಾತ್ರೆ ತಗೊಂಡಿದ್ದೀಯಲ್ಲ? ಮಾಡು. ನನ್ನನ್ನೇ ಮಾಡು" ಎಂದರು.

ನಾನು ಅವ್ವನ ಮುಖ ನೋಡಿದೆ.

"ಅವ್ರೇ ಏಳ್ತಾವ್ರಲ್ಲ, ಮಾಡ್ಲಾ" ಎಂದಳು.

ಬಾಯಿ ತೆರೆದೆ. ವೈದ್ಯರು ಬಂದರು. ಹಿಂದೆಲ್ಲ ನಾನು ಹಿಡಿಯುತ್ತಿದ್ದದ್ದು ಒಂದು ಕೆಮ್ಮು, ಒಂದು ಚಟ. ಈಗ ಪೂರ್ತಿ ಮನುಷ್ಯನೇ ಬಂದ. ಕಷ್ಟದ ಮಾತಿಗೆ ಮುಂಚೆ ಪೆನ್ನಿನ ಕ್ಯಾಪು ಮುಚ್ಚುವುದು, ಅವ್ವನ ಜೊತೆ ಮಾತಾಡುವಾಗ ತಲೆಯನ್ನು ಅವಳ ಎತ್ತರಕ್ಕೆ ತಗ್ಗಿಸುವುದು. ಇದನ್ನೆಲ್ಲ ನಾನು ಯಾವಾಗ ನೋಡಿದ್ದೆ? ವೈದ್ಯರು ತಮ್ಮ ಕೈಯಲ್ಲಿದ್ದ ಪೆನ್ನನ್ನೇ ನೋಡಿದರು. ಕ್ಯಾಪು ಮುಚ್ಚಿತ್ತು.

ಮಾತ್ರೆ ಮುಂದುವರಿಯಿತು. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಆಮೇಲೆ ನುಂಗು, ತೂಕ ಇಳಿದರೆ ಬಂದು ಹೇಳು ಎಂದರು. ಬಸ್ ನಿಲ್ದಾಣದಲ್ಲಿ ಅವ್ವ ಮೆಲ್ಲಗೆ ಕೇಳಿದಳು, "ನನ್ನ ಮಾಡ್ಲಾ."

ಅವ್ವನಾಗಿ, ಇಲ್ಲದ ಒಂದು ತಟ್ಟೆಯನ್ನು ನೋಡಿದೆ, ಅದರಲ್ಲಿ ಉಳಿದ ಅರ್ಧ ಮುದ್ದೆಯನ್ನು ನೋಡಿದೆ, ಆಮೇಲೆ ಎದ್ದುಹೋಗುವ ಮಗನ ಬೆನ್ನನ್ನು.

ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಅಷ್ಟೊಂದ್ ನೋಡಿದ್ಯಾ ನನ್ನ?" ಎಂದಳು.