ನೂರ ಮೂವತ್ತೆರಡು ಕಟ್ಟುಗಳ ಬ್ಯಾರಿಕೇಡ್

ಮೂವತ್ತೊಂದು ವರ್ಷ ಪುಸ್ತಕ ಕಟ್ಟಿದ್ದೇನೆ. ಓದಿದ್ದು ಒಂದೂ ಇಲ್ಲ. ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತೇನೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಹದಿನಾರು ಪುಟಕ್ಕೆ ಒಂದು ಫಾರಂ, ಅದರ ಮೊದಲ ಪುಟದ ಅಡಿಯಲ್ಲಿ ಒಂದು ಅಂಕಿ. ಅದನ್ನು ನೋಡಿ ಸಾಲಾಗಿ ಎತ್ತಿ, ಹೊಲಿದರೆ ಪುಸ್ತಕ.

ಗಂಡ ತೀರಿಹೋದ ಮೇಲೆ ಅವರ ತಂಗಿ ನನ್ನ ಒಂದೇ ಕೋಣೆಯ ಮನೆಗೆ ಬಂದು, ನನ್ನ ಜೊತೆ ಮಡಿಸುವ ಕೆಲಸಕ್ಕೆ ಕೂತಳು. ಅವಳು ಓದಿದವಳು, ಕೈ ಚುರುಕು, ಆದರೆ ಅಂಚು ಒಂದೆಳೆ ತಪ್ಪುತ್ತದೆ. ಅವಳು ಮಡಿಸಿದ್ದನ್ನೆಲ್ಲ ನಾನು ಬಿಚ್ಚಿ ಮತ್ತೆ ಮಡಿಸುತ್ತಿದ್ದೆ, ಅದೂ ಅವಳ ಕಣ್ಣೆದುರಿಗೇ. ಆರು ವರ್ಷ ಸಹಿಸಿದಳು.

ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಹೇಳುವ ನಿಘಂಟಿನ ಕೆಲಸ ಬಂದಿತ್ತು. ಇಪ್ಪತ್ತೆರಡು ಫಾರಂ, ಮುನ್ನೂರು ಪ್ರತಿ. ಒಂದೊಂದು ಫಾರಂ ಅನ್ನೂ ಮಡಿಸಿ, ಐವತ್ತೈವತ್ತರ ಕಟ್ಟು ಮಾಡಿ ಇಟ್ಟಿದ್ದೆವು. ಆ ಮಧ್ಯಾಹ್ನ ಅವಳು ಹೇಳಿದಳು: “ಅತ್ತಿಗೆ, ಈ ಪುಸ್ತಕ ಮುಗಿದ್ಮೇಲೆ ನಾನು ತಮ್ಮನ ಮನೆಗೆ ಹೊರಟೆ.”

ಹೋಗಬೇಡ ಎನ್ನಬೇಕಿತ್ತು. ಬಾಯಿ ಮಾತ್ರ, “ಹೋಗು, ಕೈಕಾಲು ಚಾಚೋಕೆ ಜಾಗ ಆಗುತ್ತೆ” ಎಂದಿತು. ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ?

ಅವಳು ಅಂಗಡಿಗೆ ಹೋದಳು. ನಾನು ಸಿಟ್ಟಿನ ಭರದಲ್ಲಿ ಆ ಕಟ್ಟುಗಳನ್ನೇ ಇಟ್ಟಿಗೆಯಂತೆ ಜೋಡಿಸಿ ಕೋಣೆಯನ್ನು ಎರಡು ಮಾಡಿದೆ. ಎಂಟಡಿ ಅಗಲ: ಸಾಲಿಗೆ ಹನ್ನೊಂದು, ಹನ್ನೆರಡು ಸಾಲು. ಕೂತರೆ ತಲೆ ಮರೆಯಾಗುವಷ್ಟು ಎತ್ತರ. ಕೆಲಸ ಅಚ್ಚುಕಟ್ಟು, ಒಂದೆಳೆ ತಪ್ಪಿರಲಿಲ್ಲ. ಮುಗಿಸಿ ಬೆವರೊರೆಸಿಕೊಂಡು ನೋಡುತ್ತೇನೆ, ಬಾಗಿಲು, ನೀರಿನ ಕೊಡ, ಒಲೆ ಎಲ್ಲ ಆಚೆ. ನನ್ನ ಪಾಲಿಗೆ ಒಂದು ಕಿಟಕಿ. ದಾಟೋಣವೆಂದರೆ ಮಂಡಿ ಒಪ್ಪಲಿಲ್ಲ, ಕೆಡವೋಣವೆಂದರೆ ಹಟ ಬಿಡಲಿಲ್ಲ. ಇನ್ನೂ ದೊಡ್ಡ ತಪ್ಪು: ಅಂಕಿಯೆಲ್ಲ ಮೇಲಿನ ಕಟ್ಟಿನಡಿ ಮುಚ್ಚಿಹೋಗಿತ್ತು. ಯಾವುದು ನಾಲ್ಕು, ಯಾವುದು ಹದಿನೇಳು, ದೇವರಿಗೇ ಗೊತ್ತು. ಇದನ್ನು ಹೊಸದಾಗಿ ಕೆಲಸಕ್ಕೆ ಸೇರಿದವರೂ ಮಾಡುವುದಿಲ್ಲ.

ನಾದಿನಿ ಬಂದು ನೋಡಿದಳು. ಬೈಯಲಿಲ್ಲ. ಮೇಲಿನ ಸಾಲಿನಿಂದ ಒಂದು ಕಟ್ಟು ಎತ್ತಿ, ಅಂಕಿ ನೋಡಿ, “ಮೂರನೇ ಫಾರಂ. ಸರಿಯಾಗೇ ಸಿಕ್ತು” ಎಂದು ಬಿಚ್ಚಿ ಪುಟ ತಿರುವಿದಳು.

“ಕೇಳಿ ಅತ್ತಿಗೆ. ಬ್ಯಾರಿಕೇಡ್: ಕೈಗೆ ಸಿಕ್ಕ ಸಾಮಾನುಗಳನ್ನು ಅವಸರದಲ್ಲಿ ಒಟ್ಟಿ ದಾರಿಗೆ ಅಡ್ಡ ಮಾಡಿದ ತಡೆ.”

“ಅದು ಪೊಲೀಸರು ರಸ್ತೆಗೆ ಅಡ್ಡ ಇಡೋ ಕಬ್ಬಿಣದ್ದಲ್ವೇನೆ?”

“ಅದೂ ಹೌದು. ಆದ್ರೆ ಪೊಲೀಸರು ಬಾಗಿಲು ಯಾವ ಕಡೆ ಇದೆ ಅಂತ ನೋಡ್ಕೊಂಡು ಇಡ್ತಾರೆ.” ಮತ್ತೆ ಓದಿದಳು: “ಕ್ರಿಯಾಪದ. ಹೆದರಿ, ಅಡ್ಡ ಕಟ್ಟಿಕೊಂಡು ಒಳಗೆ ಕೂರುವುದು.”

“ನಾನ್ಯಾಕೆ ಹೆದರ್ಲಿ?”

“ಹಾಗಾದ್ರೆ ವಾಕ್ಯದಲ್ಲಿ ಬಳಸಿ ಹೇಳಿ. ಸರಿ ಇದ್ರೆ ದಾರಿ ಬಿಡ್ತೀನಿ.”

ಹೊರಗೆ ಹೋಗಲೇಬೇಕಾದ ತುರ್ತು ನನಗೆ ಬಂದಿತ್ತು. ಇಲ್ಲದಿದ್ದರೆ ಈ ಜನ್ಮದಲ್ಲಿ ಆ ಮಾತು ಆಡುತ್ತಿದ್ದೆನೋ ಇಲ್ಲವೋ.

“ನೀನು ಹೋಗಿಬಿಡ್ತೀಯಲ್ಲ ಅಂತ ಹೆದರಿ ಬ್ಯಾರಿಕೇಡ್ ಕಟ್ಟಿದೆ.”

ಅವಳು ಕೈಲಿದ್ದ ಫಾರಂ ಮಡಿಸಿ ಕೆಳಗಿಟ್ಟಳು. “ಇಷ್ಟು ಹೇಳೋಕೆ ನೂರ ಮೂವತ್ತೆರಡು ಕಟ್ಟು ಹೊರಬೇಕಿತ್ತಾ?” ಎನ್ನುತ್ತ ನಾನು ದಾಟುವಷ್ಟು ಜಾಗ ಮಾಡಿದಳು. ಹೋಗುತ್ತೇನೆ ಎನ್ನಲಿಲ್ಲ, ಇರುತ್ತೇನೆ ಎಂದೂ ಹೇಳಲಿಲ್ಲ. ಕೇಳಲು ನನಗೆ ಧೈರ್ಯವಾಗಲಿಲ್ಲ.

ಫಾರಂಗಳನ್ನು ಮತ್ತೆ ಸಾಲಿಗೆ ತರಲು ಎರಡು ದಿನ ಹಿಡಿಯಿತು. ತಡವಾಯಿತೆಂದು ಪ್ರೆಸ್ಸಿನ ಯಜಮಾನರೇ ಬಂದು ಕೂಗಾಡಿದರು. ಹೊರಡುವಾಗ ಕೇಳಿದರು: “ಮುಂದಿನ ಪುಸ್ತಕ ದಪ್ಪ ಇದೆ. ನಿಮ್ಮ ನಾದಿನಿ ಹೊರಟಿದ್ದಾರಂತೆ. ಇಬ್ಬರಿಗೆ ಆಗುವಷ್ಟು ಕಳಿಸ್ಲೋ, ಒಬ್ಬರಿಗೋ?”

ನಾನು ಸೂಜಿಗೆ ದಾರ ಪೋಣಿಸತೊಡಗಿದೆ.

“ಇಬ್ಬರಿಗೆ ಕಳಿಸಿ,” ಎಂದಳು ನಾದಿನಿ. “ಒಬ್ಬರಿಗೆ ಕಳಿಸಿದ್ರೆ ಇವರು ಮನೆ ಕಟ್ಟಿಬಿಡ್ತಾರೆ.”